ಅಯಿನ್ ಸಾಲದ ಪತ್ರಿಕೆ

ಬ್ಯೂನಸ್ ಐರಿಸ್, ಲವಾಯೆ ಬೀದಿ,
ಟೋಪಿ ಅಂಗಡಿಯ ಕೆಳಗಿನ ನೆಲಮಾಳಿಗೆಯಲ್ಲಿ
ಹುಟ್ಟಿತು 'ದಿ ಶ್ವೆಲ್'.
ಶ್ವೆಲ್ ಎಂದರೆ ಹೊಸ್ತಿಲು.
ಹಡಗಿಳಿದವರಿಗೆ ಮನೆಯಂತೂ ಇಲ್ಲ,
ಹೊಸ್ತಿಲಾದರೂ ಇರಲಿ
ಅಂದಿದ್ದನಂತೆ ಸಂಪಾದಕ ನೋಯೆಖ್ ಲಿಪ್ಶಿನ್.
ಒಂದು ಕೋಟು, ಎರಡು ಸಾಲ, ಮೂರು ರಾಜಕೀಯ ಪಕ್ಷ
ಅವನ ಆಸ್ತಿ.

ಅಚ್ಚುಮೊಳೆ ಕೊಂಡದ್ದು
ಪ್ರಾರ್ಥನೆ ಪುಸ್ತಕ ಅಚ್ಚುಹಾಕಿ ದಿವಾಳಿಯಾದವನ ಹತ್ತಿರ.
ದೇವರ ಜೊತೆ ಮಾತಾಡಲು ಅಯಿನ್ ಅಷ್ಟೇನೂ ಬೇಡ.
ನಮ್ಮ ಯಿಡ್ಡಿಶ್‌ಗೆ ಹೆಜ್ಜೆಗೊಂದು ಬೇಕು,
ಎಕಾರ ಬಂದಲ್ಲೆಲ್ಲ,
ಬೈಗುಳದಲ್ಲಿ, ಬೆಲೆಪಟ್ಟಿಯಲ್ಲಿ, ಜೋಗುಳದಲ್ಲಿ.
ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಗೂಡು ಖಾಲಿ.
ಅಯಿನ್ ಅಂದರೆ ಕಣ್ಣು ಎಂದೂ ಅರ್ಥ.
ಕಣ್ಣು ಸಾಲದ ಪತ್ರಿಕೆ
ಎಂದು ಎದುರು ಬೀದಿಯ ಪತ್ರಿಕೆಯವರು ನಕ್ಕರು.

ಆಗ ಅಪ್ಪ, ಮೊಳೆ ಜೋಡಿಸುವ ಗೆತ್ಸಲ್,
ಕೊಡಲಿಯನ್ನೇ ಮುರಿಯುವ ಕೆಬ್ರಾಚೊ ಮರದಲ್ಲಿ
ನಲವತ್ತು ಅಯಿನ್ ಕೆತ್ತಿದ.
ಎಲ್ಲವೂ ಚೂರು ಎಡಕ್ಕೆ ವಾಲಿದ್ದವು,
ಅವನ ಹಾಗೆ.
ಅವನಿಗೆ ಒಂದು ಕಾಲು ಗಿಡ್ಡ.

ಏನಿರಲಿಲ್ಲ ಅದರಲ್ಲಿ!
ದಿನಕ್ಕೊಂದು ಸ್ಪ್ಯಾನಿಷ್ ಮಾತು:
ಇವತ್ತು 'ಬಾಡಿಗೆ', ನಾಳೆ 'ನಾಳೆ ಕೊಡುತ್ತೇನೆ'.
ದರ್ಜಿಗಳ ಮುಷ್ಕರ. ಅಳಿಯನ ಮೇಲೆ ಅತ್ತೆಯ ದೂರು.
ಎಂತ್ರೆ ರಿಯೋಸ್‌ನ ದನ ಕಾಯುವ ಯಹೂದಿಯೊಬ್ಬ
ಚಂದಾ ಹಣಕ್ಕೆ ಬದಲು ಎರಡು ಜೀವಂತ ಕೋಳಿ ಕಳಿಸಿದ.
ಒಂದು, ಸಂಪಾದಕೀಯದ ಪ್ರೂಫಿನ ಮೇಲೇ ಮೊಟ್ಟೆಯಿಟ್ಟಿತು.
ಆ ವರ್ಷ ಅದರ ಬಗ್ಗೆ ಬಂದ ಏಕೈಕ ಅಭಿಪ್ರಾಯ.

ಕೊನೆಯ ಪುಟ ಹುಡುಕಾಟದ್ದು.
ಸಾಲಿಗೆ ಐದು ಸೆಂತಾವೊ.
ಗಂಡ ಬಿಟ್ಟವರಿಗೆ ಪುಕ್ಕಟೆ.

ಹಳೆಯ ಸಂಪುಟಗಳನ್ನು ಗ್ರಂಥಾಲಯಕ್ಕೆ ಕೊಡುವ ಮುನ್ನ
ಎಪ್ಪತ್ತು ದಾಟಿದ ನಾನು ಸುಮ್ಮನೆ ತಿರುವುತ್ತಿದ್ದೆ,
ಬಲದಿಂದ ಎಡಕ್ಕೆ.
ಸಾವಿರದ ಒಂಬೈನೂರ ಇಪ್ಪತ್ತೇಳು, ಮಾರ್ಚ್, ಗುರುವಾರ.

'ಸ್ಲೊನಿಮ್‌ನ ಹಿಂಡೆ ಹುಡುಕುತ್ತಿದ್ದಾಳೆ
ತನ್ನ ಗಂಡ ಗ್‌ತ್ಸಲ್‌ನನ್ನು.
ಮೊಳೆ ಜೋಡಿಸುವವನು. ಒಂದು ಕಾಲು ಗಿಡ್ಡ.
ಮಗಳು ಈಗ ಓದಬಲ್ಲಳು.'

ಗ್‌ತ್ಸಲ್.
ಮೊದಲಕ್ಷರದ ಪಕ್ಕ ಕಣ್ಣಿಲ್ಲ.
ಮಿಕ್ಕ ಸಾಲುಗಳಲ್ಲಿ ಬೇಕಾದಷ್ಟು,
ಹಿಂಡೆಯ ಕೊನೆಗೂ ಒಂದು, ಎಡಕ್ಕೆ ವಾಲಿದ್ದು.
ಆ ಒಂದು ಹೆಸರಿಗೆ ಮಾತ್ರ ಸಾಲದಾಯಿತು.
ಓದಿದವರು ಯಾರೂ ಗುರುತಿಸಲಿಲ್ಲ,
ಅಥವಾ ಗುರುತಿಸಿ ಚಹಾ ಕುಡಿದು ಎದ್ದುಹೋದರು.
ನಾನು ಹುಟ್ಟಿದ್ದು ಆ ಜೂನಿನಲ್ಲಿ.

ಆಮೇಲೆ ಲೈನೋಟೈಪ್ ಬಂತು.
ಕಾದ ಸೀಸ, ಕೇಳಿದಷ್ಟು ಕಣ್ಣು.
ಮರದ ನಲವತ್ತು ಒಲೆಗೆ ಹೋದವು ಎಂದುಕೊಂಡಿದ್ದರು ಎಲ್ಲ.
ಆಮೇಲೆ ಯುದ್ಧ ಬಂತು, ಆ ಕಡೆಯ ಕಾಗದ ನಿಂತವು.
ಆಮೇಲೆ ಪಟ್ಟಿಗಳು ಬಂದವು.

ನಲವತ್ತಾರನೇ ಇಸವಿಯ ಸಂಪುಟ.
ಸ್ಲೊನಿಮ್‌ನವರ ಸಂಘ ಕೊಟ್ಟ ಪಟ್ಟಿ, ಕಪ್ಪು ಅಂಚು, ಆರು ಅಂಕಣ,
ಯಂತ್ರದ ನೆಟ್ಟನೆಯ ಅಕ್ಷರ.
ನಾಲ್ಕನೇ ಅಂಕಣದಲ್ಲಿ ಒಂದೇ ಒಂದು ಸಾಲು
ಕೈಯಿಂದ ಜೋಡಿಸಿದ್ದು:
ಹಿಂಡೆ, ಗೆತ್ಸಲ್‌ನ ಹೆಂಡತಿ. ಮಗಳು ಬ್ರೈನೆ.
ಮೂರು ಹೆಸರು, ಮೂರು ಅಯಿನ್.
ಮೂರೂ ಮರದವು. ಮೂರೂ ಕುಂಟುತ್ತಿದ್ದವು.

ಆ ರಾತ್ರಿ ನನಗೆ ನೆನಪಿದೆ.
ಅಮ್ಮ ಸೂಪನ್ನು ಎರಡು ಸಲ ಬಿಸಿ ಮಾಡಿದಳು.
ಅವನು ಬಂದು, ಉಗುರಿನ ಮಸಿ ಉಜ್ಜುತ್ತ,
'ಇವತ್ತು ಪಟ್ಟಿ ಉದ್ದವಿತ್ತು' ಅಂದ.
ಅಷ್ಟೇ.
ನಾನು ಉಪ್ಪು ದಾಟಿಸಿದೆ.

ಅರವತ್ತೆಂಟರಲ್ಲಿ 'ದಿ ಶ್ವೆಲ್' ನಿಂತಿತು.
ಓದುವವರ ಮಕ್ಕಳು ಬೇರೆ ಭಾಷೆಯಲ್ಲಿ ಕನಸು ಕಾಣುತ್ತಿದ್ದರು,
ಅದಕ್ಕೆ ಯಾರನ್ನು ದೂರುವುದು.
ಹಲ್ಲಿನ ಡಾಕ್ಟರ ಜಾಹೀರಾತಿಗೆ ಜಾಗ ಸಾಲದೆ
ವಿದಾಯದ ಮಾತಿನಲ್ಲಿ ಒಂದು ಪ್ಯಾರಾ ಕಡಿದರು.

ಈಗ ಎಸೆಕಿಯೆಲ್ ಎಂಬ ಗ್ರಂಥಾಲಯದ ಹುಡುಗ
ಕಟ್ಟುಗಳನ್ನು ಗಾಡಿಗೇರಿಸುತ್ತ ಕೇಳುತ್ತಾನೆ:
ಸೂಚಿ ಬರೆಯುವಾಗ ಅಚ್ಚಿನ ತಪ್ಪುಗಳನ್ನು
ತಿದ್ದಿಬಿಡಲೇ, ಸೆನ್ಯೋರಾ?

ಬೇಡ, ಇದ್ದ ಹಾಗೇ ಇರಲಿ, ಅಂದೆ.

ಗಾಡಿ ತಿರುವಿಗೆ ಹೋಗುವಷ್ಟರಲ್ಲಿ ಮತ್ತೆ ಕೂಗಿ ಕರೆದೆ.
ಅಪ್ಪನ ಕಾಗುಣಿತ ಚೆನ್ನಾಗಿತ್ತು, ಅಂದೆ.