ಶ್ರವಣ ಪರೀಕ್ಷೆ, ಲಾಟನ್

ಕ್ಯಾಶ್ ರಸ್ತೆಯ ನಮ್ಮ ಕ್ಲಿನಿಕ್ಕಿಗೆ ಬರುವವರಲ್ಲಿ
ಮುಕ್ಕಾಲು ಪಾಲು ಫಿರಂಗಿಯವರೇ.
ಗುರುವಾರ ಬಂದವರು ಕರ್ನಲ್ ಸಿಲಾರ್ಡ್ ಕಾರ್ದೋಶ್, ಎಪ್ಪತ್ತೈದು,
ಇಸ್ತ್ರಿಯ ಅಂಗಿ, ಹತ್ತು ನಿಮಿಷ ಮುಂಚೆ.
ಬಾಗಿಲಲ್ಲಿ ನಿಂತು ಹೆಸರು ಕೂಗಿದೆ. ತಿರುಗಲಿಲ್ಲ.
ಹೆಸರಿನ ಎರಡು ತುದಿಯೂ ಅವರಿಗೆ ಕೇಳಿಸದೆಂದು
ಆಮೇಲೆ ತಿಳಿಯಿತು. ಮೊದಲ ಸಕಾರ, ಕೊನೆಯ ಶಕಾರ.
ಇಲಾರ್ಡ್ ಕಾರ್ದೋ ಎಂಬ ಇನ್ನಾರನ್ನೋ ನಾನು ಕರೆಯುತ್ತಿದ್ದೆ.

ಗಾಜಿನ ಗೂಡಿನಲ್ಲಿ ಕೂರಿಸಿ ಒಂದೊಂದೇ ಸ್ವರ ಬಿಟ್ಟೆ.
ತಗ್ಗಿನವೆಲ್ಲ ಹಿಡಿದರು.
ಎರಡು ಸಾವಿರ ಹರ್ಟ್ಝ್ ದಾಟಿದ್ದೇ ತಡ
ಗೆರೆ, ಕಡಿದ ಗುಡ್ಡದಂತೆ, ಕೆಳಗೆ.
ಸರ್ವಿಸ್ ರೆಕಾರ್ಡ್ ತಂದಿದ್ದೀರಾ ಎಂದೆ.
ನನ್ನ ಪರದೆಯ ಕಡೆ ಬೆರಳು ತೋರಿ ನಕ್ಕರು:
ಅದೇ.

ಮೊದಲ ಪಾಠ ಬುಡಾಪೆಸ್ಟಿನ ಮೂರನೇ ಮಹಡಿಯಲ್ಲಿ.
ಹನ್ನೆರಡರ ಹುಡುಗ ಕಂಬಳಿಯ ಸಂದಿಯಿಂದ
ರಷ್ಯನ್ ತೋಪಿನ ಮಿಂಚು ನೋಡಿ ಎಣಿಸುತ್ತಿದ್ದ,
ಮೂರಕ್ಕೆ ಒಂದು ಕಿಲೋಮೀಟರು.
ಮುಂದೆ ಈ ದೇಶ ಅದನ್ನೇ ಸಂಬಳ ಕೊಟ್ಟು ಕಲಿಸಿತು,
ಇಲ್ಲೇ, ಫೋರ್ಟ್ ಸಿಲ್‌ನಲ್ಲಿ.
ಹೆಸರಿಗೆ ನಾಲಿಗೆ ಹೊರಳದ ಸಾರ್ಜೆಂಟೊಬ್ಬ
ಕೋಟೆಯ ಹೆಸರನ್ನೇ ತಗುಲಿಸಿದ: ಸಿಲ್.

ಪ್ಲೇಕುವಿನ ಕೆಂಪು ದಿಣ್ಣೆ. ಆರು ತೋಪು, ನೂರು ಜನ, ಒಂದು ಬ್ಯಾಟರಿ.
ಬಲಗಿವಿಗೆ ಸಿಗರೇಟಿನ ಫಿಲ್ಟರ್ ತುರುಕಿ
ಎಡಗಿವಿ ರೇಡಿಯೋಗೆಂದು ತೆರೆದೇ ಇಟ್ಟಿದ್ದರಂತೆ.
(ನಮ್ಮಲ್ಲಿ ಎಡಗಿವಿ ನೀಲಿ. ನೀಲಿ ಗೆರೆ ಕೆಂಪಿಗಿಂತ
ಎರಡು ಬೆರಳು ಕೆಳಗೆ.)
ಗುಂಡು ಹೊರಟಾಗ ಹೇಳುವ ಮಾತು, ಶಾಟ್.
ಬೀಳಲು ಐದು ಸೆಕೆಂಡು ಇರುವಾಗ, ಸ್ಪ್ಲ್ಯಾಶ್.
ಎರಡನ್ನೂ ಈಗ ಅವರ ಕಿವಿ ಒಳಗೆ ಬಿಡುವುದಿಲ್ಲ.
ಆ ಐದು ಸೆಕೆಂಡು ಏನು ಮಾಡುತ್ತಿದ್ದಿರಿ?
ಕೇಳಬಾರದಿತ್ತೇನೋ.
ನನ್ನ ತುಟಿ ನೋಡುತ್ತಿದ್ದವರು
ನೆಲ ನೋಡಿದರು.

ಕುವೈತಿನ ಹೊತ್ತಿಗೆ ಕರ್ನಲ್. ಡೇರೆ, ನಕ್ಷೆ,
ಕಿವಿಗೆ ಒಳ್ಳೆಯ ಪ್ಲಗ್ಗು,
ಉಳಿಸಿಕೊಳ್ಳಲು ಏನೂ ಇಲ್ಲದಾಗ.

ಡಬ್ಬಿಯಿಂದ ಬ್ಯಾಟರಿ ತೆಗೆದು ಅವರ ಅಂಗೈಗಿಟ್ಟೆ,
ತೊಗರಿಬೇಳೆಯಷ್ಟು.
ಒಂದು ವಾರ ಬರುತ್ತದೆ, ಎಂದೆ.
ಮಗುಚಿ ನೋಡಿದರು.
ನನ್ನದು ಹದಿಮೂರು ತಿಂಗಳು ಬಂತು.

ಯಂತ್ರ ಕೂರಿಸಿದೆ. ನನ್ನ ಬಳೆ ಮೇಜಿಗೆ ತಾಗಿದ್ದಕ್ಕೆ ಬೆಚ್ಚಿದರು.
ಕಾಗದದ ಸರಸರ. ಹೊರಗೆ ಯಾರದೋ ಕೀಲಿಗೊಂಚಲು.
ಏ.ಸಿ. ತಾನಾಗಿ ನಿಂತಿತು.
ಚೆಂದ್, ಎಂದರು.
ಚೆಂದವೇ? ಎಂದುಬಿಟ್ಟೆ, ಕನ್ನಡದಲ್ಲೇ.

ಆಸ್ಟ್ರಿಯಾ ಗಡಿಯ ಕಾಲುವೆ, ನವೆಂಬರ್ ರಾತ್ರಿ,
ಬಾಯಿಯ ಮೇಲೆ ಅಮ್ಮನ ಉಣ್ಣೆಯ ಗವಸು,
ಕಿವಿಯಲ್ಲಿ ಆ ಒಂದು ಮಾತು.
ಅವರ ನುಡಿಯಲ್ಲಿ, ಸದ್ದಿಲ್ಲ ಎಂದಂತೆ.
ನಮ್ಮಲ್ಲಿ ಅದೇನೆಂದು ಹೇಳಿದೆ.
ಇನ್ನೊಮ್ಮೆ ಹೇಳಿಸಿಕೊಂಡರು. ಮತ್ತೊಮ್ಮೆ.

ಅಷ್ಟರಲ್ಲಿ ಉತ್ತರದ ಮೈದಾನದಲ್ಲಿ ತೋಪು ಸಿಡಿದು
ಕಿಟಕಿಯ ಗಾಜು ನಡುಗಿತು.
ಕಿವಿಯದನ್ನು ತೆಗೆದು ಜೇಬಿಗೆ ಹಾಕಿಕೊಂಡರು,
ಬೂಟುಗಾಲು ನೆಲಕ್ಕೆ ಊರಿ ಮುಂದಿನದಕ್ಕೆ ಕಾದರು.
ಬಂತು.
ನೂರೈವತ್ತೈದು, ಎಂದರು. ಯಾರೋ ಹೊಸ ಹುಡುಗರು.