ಗುಣಾಕಾರದ ಗುರುತು

ಜೂನ್ ಕೊನೆಗೆ ಮಕ್ಕಳು ರಜೆಗೆ ಹೋಗುತ್ತಾರೆ,
ನನ್ನ ಲ್ಯಾಬಿನ ಕಿಟಕಿಗೆ ಕಪ್ಪು ಬಟ್ಟೆ ಬರುತ್ತದೆ.
ಬೀಕರುಗಳನ್ನೆಣಿಸಿ, ಬೀರುವಿಗೆ ಬೀಗ ಜಡಿದು,
ಸಹಿ ಮಾಡಿಸಿಕೊಂಡು ಬಾಗಿಲ ಕೀಲಿ ಕೊಡುತ್ತೇನೆ
ಯಾರೋ ಹುಡುಗನ ಕೈಗೆ. ಅವನ ಕಿವಿಯ ಸಂದಿಗೆ ಪೆನ್ಸಿಲ್,
ಮುಂಗೈಗೆ ಬಳೆಯ ಹಾಗೆ ಟೇಪಿನ ಸುರುಳಿ.
ಅಲ್ಲಿಂದ ಹನ್ನೊಂದು ದಿನ ನಾನು ಅಟೆಂಡರ್ ಅಲ್ಲ,
ಟಿಕೆಟ್ ಕೊಂಡವನು.

ಮಖಾಂಡದ ಚಳಿ ಬಲ್ಲವರು ಕಂಬಳಿ ಹೊದ್ದೇ ನಾಟಕಕ್ಕೆ ಬರುತ್ತಾರೆ.
ನಲ್ಲಿಯಲ್ಲಿ ನೀರು ಬಂದು ನಾಲ್ಕು ದಿನವಾಯಿತು.
ಕತ್ತೆಗಳು ಎಂದಿನಂತೆ ಹೈ ಸ್ಟ್ರೀಟಿಗೆ ಹೊರಟಿವೆ,
ಕಂಬದ ಪೋಸ್ಟರುಗಳನ್ನು ಕೆಳಗಿನ ಸಾಲಿನಿಂದ ಓದುತ್ತ, ತಿನ್ನುತ್ತ.
ಯಾರೋ ಹೆಮ್ಮೆಯಿಂದ ಅಂಟಿಸಿದ ನಾಲ್ಕು ನಕ್ಷತ್ರಗಳಲ್ಲಿ
ಎರಡು ಆಗಲೇ ಹೊಟ್ಟೆಯೊಳಗೆ.

ಮೊದಲ ಸಂಜೆ ಬೌಲಿಂಗ್ ಕ್ಲಬ್ಬಿನಲ್ಲಿ ಇಬ್ಬರು ಮುದುಕರು,
ಅಣ್ಣತಮ್ಮಂದಿರ ಪಾತ್ರ; ಪಾಲು ಮಾಡಲು ಇರುವುದೊಂದೇ ರೇಡಿಯೊ.
ನಡುವೆ ಅಣ್ಣ ಮಾತು ಮರೆತ.
ಬಾಯಿ ತೆರೆದೇ ಇದೆ, ಕೈ ಗಾಳಿಯಲ್ಲಿ.
ತಮ್ಮ ಆ ಮಾತನ್ನೇ ಬೈಗುಳ ಮಾಡಿ ಮುಖಕ್ಕೆಸೆದ,
ಅಣ್ಣ ಅದನ್ನೆತ್ತಿಕೊಂಡು ಮುಂದೆ ನಡೆದ.
ನಮ್ಮೆಲ್ಲರ ಎದೆ ಧಸಕ್ಕೆಂದಿತ್ತು.
ಅನುಮಾನ ತಡೆಯದೆ ಮಾರನೇ ದಿನವೂ ಹೋದೆ:
ಅದೇ ಜಾಗ, ಅದೇ ಬಾಯಿ, ಅದೇ ಕೈ.
ಮೂರನೇ ದಿನ ಹೋಗಲಿಲ್ಲ.
ಅಕಸ್ಮಾತ್ ಮರೆಯದೇ ಹೋಗಿಬಿಟ್ಟರೆ?

ಲೈಬ್ರರಿಯ ಹಿಂದೆ ಪ್ಲಾಸ್ಟಿಕ್ ಚೀಲದ ಬೊಂಬೆಗಳು.
ತಾಯಿ ಚೀಲ ಸತ್ತಾಗ ಮುಂದಿನ ಸಾಲಿನ ಮಗು ಕೂಗಿತು,
"ಅದನ್ನು ಊದಿ!"
ಆಡಿಸುವವನು ಒಂದು ಗಳಿಗೆ ಯೋಚಿಸಿದ. ಊದಿದ.
ಕಥೆ ಕೆಟ್ಟಿತು. ಯಾರೂ ದೂರಲಿಲ್ಲ.

ಎಲ್ಲವೂ ಹೀಗೆಯೇ ಎನ್ನಲಾರೆ.
ಚರ್ಚಿನ ನೆಲಮಾಳಿಗೆಯಲ್ಲಿ ರಾಟರ್‌ಡ್ಯಾಮಿನವನೊಬ್ಬ
ನಲವತ್ತು ನಿಮಿಷ ಈರುಳ್ಳಿ ಸುಲಿದ, ತುಟಿ ಪಿಟಕ್ಕೆನ್ನದೆ.
ಪಕ್ಕದ ಹೆಂಗಸು ಅತ್ತಳು, ಈರುಳ್ಳಿಗೋ ಅರ್ಥಕ್ಕೋ.
ನನಗೆ ಜೊಂಪು ಹತ್ತಿತು. ಎಂಬತ್ತು ರ‍್ಯಾಂಡ್!
ಹೊರಗೆ ಅಮಗ್ವಿನ್ಯ ಕರಿಯುತ್ತಿದ್ದ ನನ್ನ ತಂಗಿ ಲುಂಗಿಸ್ವಾ
ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದಳು:
"ಸುಲಿದದ್ದನ್ನು ಏನು ಮಾಡುತ್ತಾನಂತೆ?"
ಮರುದಿನದಿಂದ ಅವಳ ಕೀಮಾದಲ್ಲಿ
ಈರುಳ್ಳಿಗೆ ಬರವಿರಲಿಲ್ಲ.

ಆರನೇ ದಿನ, ನನ್ನದೇ ಲ್ಯಾಬು.
ಒಳಗೆ ಕಾಲಿಟ್ಟರೆ ಕತ್ತಲಲ್ಲಿ ಮೂಗಿಗೆ ಮೊದಲು ಸಿಕ್ಕಿದ್ದು
ನನ್ನ ದಿನಗಳ ವಾಸನೆ: ಸ್ಪಿರಿಟ್, ಗಂಧಕ, ಒದ್ದೆ ಡಸ್ಟರ್.
ನಾವು ಐದೇ ಜನ. ಡರ್ಬನ್ನಿನ ಹುಡುಗಿ ಹ್ಲೆಂಗಿವೆ
ಎತ್ತರದ ಸ್ಟೂಲು ಹತ್ತಿ ತನ್ನ ಅಪ್ಪನಾದಳು,
ಬಂದರಿನಲ್ಲಿ ಕ್ರೇನ್ ನಡೆಸುವವ.
ಹಿಡಿಕೆಯೆಂದು ಹಿಡಿದದ್ದು ನಾಲ್ಕನೇ ಬೆಂಚಿನ ಗ್ಯಾಸಿನ ನಲ್ಲಿ.
ಅದರಲ್ಲಿ ಗ್ಯಾಸ್ ನಿಂತು ಯಾವ ಕಾಲವಾಯಿತೋ;
ಎಡಕ್ಕೆ ತಿರುಗಿಸಿದರೆ ಕೀರ್ ಅನ್ನುತ್ತದೆ,
ಎಣ್ಣೆ ಬೇಕೆಂದು ಮೂರು ಅರ್ಜಿ ಬರೆದಿದ್ದೇನೆ.
ಆ ಕೀರ್ ಎಂಬ ಸದ್ದಿಗೆ ಒಂದಿಡೀ ಹಡಗು ಖಾಲಿಯಾಯಿತು.

ಕೊನೆಗೆ ಅಷ್ಟೆತ್ತರದಿಂದ, ಬಲು ನಿಧಾನ,
ಕಾಣದ ಹಗ್ಗದಲ್ಲಿ ಇಳಿಬಿಟ್ಟಳು ಒಂದು ಊಟದ ಡಬ್ಬಿ.
ಇಳಿಬಿಟ್ಟು, ತಾನೂ ಇಳಿದು ಬಂದು,
ನೆಲದ ಗುರುತಿನ ಮೇಲೆ ನಿಂತು, ಮಗಳಾಗಿ ಕೈಯೊಡ್ಡಿದಳು.
ಡಬ್ಬಿ ಇನ್ನೂ ದಾರಿಯಲ್ಲಿರುವಾಗ ದೀಪ ಆರಿತು.
ಯಾವುದು ಯಾರ ಕೈಯದೆಂದು ತಿಳಿಯುವಷ್ಟು ಚಪ್ಪಾಳೆ.

ಆ ನಲ್ಲಿ ನನ್ನದಮ್ಮಾ, ಎನ್ನಬೇಕೆಂದು ನಿಂತೆ.
ಅಷ್ಟರಲ್ಲಿ ಅವಳೇ ಕೇಳಿದಳು, ಮುಖಕ್ಕೆ ನೀರು ಸಿಗುತ್ತದಾ?
ಮನೆಯಿಂದ ಅರ್ಧ ಬಕೆಟ್ ತಂದುಕೊಟ್ಟೆ.

ಕಪ್ಪು ಬಟ್ಟೆ ಇಳಿಯಿತು. ಬೀಕರು ಎಣಿಸಿದೆ, ಒಂದೂ ಕಮ್ಮಿಯಿಲ್ಲ.
ನೆಲದಲ್ಲಿ ಮಾತ್ರ ಬಿಳಿ ಟೇಪಿನ ಎರಡು ತುಂಡು,
ಒಂದರ ಮೇಲೊಂದು ಅಡ್ಡ.
ಕೆರೆಯಲು ತಂದ ಬ್ಲೇಡನ್ನು ಮತ್ತೆ ಜೇಬಿಗಿಟ್ಟೆ.
ಶಾಲೆ ತೆರೆದ ದಿನ ಎಂಟನೇ ತರಗತಿಯ ಹುಡುಗ ಕೇಳಿದ,
"ಇದೇನು ಸರ್, ಗುಣಾಕಾರವಾ?"
ಹೂಂ ಅಂದೆ.
ಯಾವುದರಿಂದ ಯಾವುದನ್ನು, ಅಂತ ಅವನು ಕೇಳಲಿಲ್ಲ.

ಎಣ್ಣೆಯ ಡಬ್ಬಿ ಕಡೆಗೂ ಮಂಜೂರಾಗಿ ಬಂದಿದೆ.
ಬೀರುವಿನಲ್ಲಿಟ್ಟು
ಬೀಗ ಹಾಕಿದ್ದೇನೆ.