ಇನ್ನೊಂದೇ ಏಟು

ಚನ್ನರಾಯಪಟ್ಟಣ. ಕೊಬ್ಬರಿ ಮಂಡಿಯ ಮಹಡಿ ಮೇಲೆ
ನನ್ನ ಅಂಗಡಿ: ನಾಲ್ಕು ಪರದೆ, ಆರು ಕುರ್ಚಿ,
ಗಂಟೆಗೆ ನಲವತ್ತು.
ಮೆಟ್ಟಿಲ ತನಕ ಎಣ್ಣೆಯ ಘಮ, ಆಮೇಲೆ ಹುಡುಗರ ಬೈಗುಳ.

ಧರಣೇಂದ್ರ ಮಾತ್ರ ಬೈಯುವುದಿಲ್ಲ.
ಐಟಿಐ ಬಿಟ್ಟ ಕೂಡಲೇ ಬರುತ್ತಾನೆ, ಉಗುರಲ್ಲಿನ್ನೂ ಗ್ರೀಸು.
ಪರದೆಯೊಳಗೊಂದು ಕಲ್ಲಿನ ಸೇತುವೆ,
ನಡುವೆ ತುಕ್ಕು ಕವಚದ ಕಾವಲುಗಾರ.
ಹನ್ನೊಂದು ದಿನದಿಂದ ಅವನ ಕೈಲಿ ಸಾಯುತ್ತಿದ್ದಾನೆ.

ಸತ್ತರೆ, ಕೂಡಿಟ್ಟದ್ದೆಲ್ಲ ಬಿದ್ದಲ್ಲೇ ಬಿದ್ದಿರುತ್ತದೆ
ನೀಲಿ ಮಿಣುಕಾಗಿ.
ಹೋಗಿ ಎತ್ತಿಕೊಳ್ಳಬಹುದು; ದಾರಿಯಲ್ಲಿ ಮತ್ತೆ ಸತ್ತರೆ
ಅದೂ ಇಲ್ಲ.
'ಹೊಟ್ಟೆ ಉರಿಯಲ್ವೇನೋ?'
'ಉರೀತಿತ್ತು ಕಣಕ್ಕ. ಈಗ ಎತ್ತೋಕೇ ಹೋಗಲ್ಲ.'

ಪಕ್ಕದ ಕುರ್ಚಿಯ ಚಿನ್ಮಯ ಪೆನ್‌ಡ್ರೈವ್ ತೋರಿಸಿದ:
ಇದ ಹಾಕಿದರೆ ಸಾವೇ ಇಲ್ಲ.
ಇವನು ತಲೆಯೆತ್ತಲಿಲ್ಲ.
'ಆಗ ಸೇತುವೆ ದಾಟೋನು ಯಾರು? ನಾನಾ, ಪೆನ್‌ಡ್ರೈವಾ?'

ನಿನ್ನೆ ಬೆನ್ನ ಹಿಂದೆ ನಿಂತು ನೋಡಿದೆ.
ಎರಡು ಏಟು ಹೊಡೆದು ಹಿಂದೆ ಸರಿಯಬೇಕು.
ಕಾವಲುಗಾರ ತೂಗಾಡುತ್ತಾನೆ, ಎದೆ ತೆರೆಯುತ್ತಾನೆ,
ಇನ್ನೊಂದೇ ಏಟು, ಅನ್ನುತ್ತದೆ ಕೈ.
ಆ ಇನ್ನೊಂದರಲ್ಲೇ ಸಾವು. ಪ್ರತಿ ಸಲ.
'ಅವನು ಕೊಲ್ತಿಲ್ಲ ಅಕ್ಕ,
ನನ್ನ ಮೂರನೇ ಏಟು ಕೊಲ್ತಿರೋದು.'

ಬೆಳಗೊಳದಲ್ಲಿ ನಮ್ಮಜ್ಜಿ
ಹೊತ್ತು ಮುಳುಗುವ ಮುನ್ನ ಉಂಡು, ಗೋಡೆಗೆ ಮುಖ ಮಾಡಿ
ಪ್ರತಿಕ್ರಮಣಕ್ಕೆ ಕೂರುತ್ತಿದ್ದಳು:
ತುಳಿದ ಇರುವೆ, ನೆರೆಯವಳಿಗೆ ಅಂದ ಮಾತು,
ಅಳತೆಯಲ್ಲಿ ಉಳಿಸಿಕೊಂಡ ಹಿಡಿ ಅವರೆ.
ಹಾಗಂದರೇನಜ್ಜಿ?
ಹಿಂದಕ್ಕೆ ನಡೆಯೋದು ಮಗಾ, ಕಾಲು ಜಾರಿದ ಜಾಗದ ತನಕ.
ನಾಳೆ ಮತ್ತೆ ಜಾರಿದರೆ?
ಮತ್ತೆ ನಡೆಯೋದು. ಅದಕ್ಕೆ ಬೇಜಾರು ಯಾಕೆ?

ಇವತ್ತು ರಾತ್ರಿ. ಎರಡು ಏಟು, ಸರಿದ.
ಎರಡು ಏಟು, ಸರಿದ.
ಕಾವಲುಗಾರ ಮಂಡಿಯೂರಿದಾಗ ಇಡೀ ಕೋಣೆ ಕಿರುಚಿತು.
ಅವನು ಅಂಗೈ ಬೆವರು ಪ್ಯಾಂಟಿಗೆ ಒರೆಸಿಕೊಂಡು
'ಎಷ್ಟಾಯ್ತಕ್ಕ?' ಅಂದ.

ಮುಕ್ಕಾಲು ಗಂಟೆ. ಪುಸ್ತಕದಲ್ಲಿ ಆಗಲೇ ಒಂದು ಗಂಟೆ ಬರೆದಾಗಿತ್ತು,
ಎಲ್ಲರಿಗೂ ಬರೆಯುವ ಹಾಗೆ, ಐದು ವರ್ಷದಿಂದ.
ಮೂವತ್ತು ಕೊಡು ಅಂದೆ. ದನಿ ಯಾಕೋ ಏಳಲಿಲ್ಲ.

ಷಟರ್ ಎಳೆದು ಕೂತಿದ್ದೇನೆ, ಕೈಯಲ್ಲಿ ಕೆಂಪು ಪೆನ್ನು.
ಯುಗಾದಿಯ ತನಕ ಹಿಂದೆ ಬಂದೆ.
ಅದರಾಚೆ ಹೆಸರೇ ಬರೆಯದ ಗಂಟೆಗಳು,
ಯಾರದೆಂದು ಗೊತ್ತಿಲ್ಲ, ಯಾರಿಗೆ ಕೊಡಲಿ.
ಕೆಳಗೆ, ಇಷ್ಟು ಹೊತ್ತಿನಲ್ಲಿ,
ಯಾರೋ ಕೊಬ್ಬರಿ ತೂಗುತ್ತಿದ್ದಾರೆ.